ಒಣಗುತ್ತಿರುವ ಅಶ್ವಗಂಧಕ್ಕೆ ಬೇರಿನ ಶಿಲೀಂಧ್ರ ಈಗ ಹಾಕಬಹುದಾ? ಜಿಂಕ್, ಬೋರಾನ್ ಕೊಡಲಾ?

ಹಿರೇಮದ್ದು_ಚಳ್ಳಕೆರೆ
22 ಸೆಪ್ಟೆಂಬರ್ 2023

ಎಲ್ಲರಿಗೂ ನಮಸ್ಕಾರ. ನಮ್ಮದು ಚಳ್ಳಕೆರೆ ತಾಲ್ಲೂಕು. ಒಂದೂವರೆ ಎಕರೆಯಲ್ಲಿ ಅಶ್ವಗಂಧ ಹಾಕಿದ್ದೇನೆ. ನಮ್ಮ ಅತ್ತೆ ಇದನ್ನು ಹಿರೇಮದ್ದು ಅಂತಲೇ ಕರೆಯುತ್ತಾರೆ. ಬದುವಿನಲ್ಲಿ ತಾನಾಗಿ ಬೆಳೆಯುತ್ತಿದ್ದ ಗಿಡ, ಬರಕ್ಕೆ ಹೆದರುವುದಿಲ್ಲ ಅಂತ ಅವರೇ ಧೈರ್ಯ ಹೇಳಿದ್ದರು. ಈ ವರ್ಷ ಅದಕ್ಕೂ ಕಷ್ಟ ಬಂದಿದೆ.

ಪುಷ್ಯ ಮಳೆ ಚೆನ್ನಾಗಿ ಆಯಿತು. ಜುಲೈ 27ಕ್ಕೆ ಬಿತ್ತಿದೆವು. ಮೊಳಕೆ ನೋಡಿ ಖುಷಿಯಾಗಿತ್ತು. ಆಮೇಲೆ ಆಗಸ್ಟ್ ಪೂರ್ತಿ ಒಣ. ದೇಶದಲ್ಲಿ 1901ರಿಂದ ಲೆಕ್ಕ ಇಟ್ಟ ಮೇಲೆ ಇಷ್ಟು ಒಣ ಆಗಸ್ಟ್ ಬಂದೇ ಇಲ್ಲವಂತೆ. ಮಖ ಬರಲಿಲ್ಲ, ಹುಬ್ಬ ಒಂದು ದಿನ ನೆಲದ ಧೂಳು ಅಡಗಿಸಿ ಹೋಯಿತು. ಉತ್ತರೆ ಮೋಡ ತೋರಿಸುತ್ತಿದೆ ಅಷ್ಟೇ. ನಮ್ಮ ತಾಲ್ಲೂಕನ್ನೂ ಬರದ ಪಟ್ಟಿಗೆ ಸೇರಿಸಿದ್ದಾರೆ. ಬೋರ್‌ವೆಲ್ ಇದೆ, 620 ಅಡಿ. ಅರ್ಧ ಗಂಟೆ ಓಡಿಸಿದರೆ ಗಾಳಿ ಬರುತ್ತದೆ, ಎರಡು ಗಂಟೆ ಬಿಟ್ಟು ಮತ್ತೆ ಹಾಕಬೇಕು.

ಗಿಡ ಈಗ ಮೊಣಕಾಲಿನಷ್ಟೂ ಬಂದಿಲ್ಲ. ಮಧ್ಯಾಹ್ನ ಎಲೆ ಮುದುಡುತ್ತದೆ, ಬೆಳಿಗ್ಗೆ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಹೊಸ ಎಲೆಗಳು ಬಹಳ ಚಿಕ್ಕವು. ನರ ಹಸಿರಾಗಿದೆ, ನರದ ನಡುವೆ ಮಾತ್ರ ಬಿಳಿಚಿಕೊಂಡಿದೆ. ಕೆಲವು ಗಿಡ ಈಗಲೇ ಹೂ ಬಿಡುತ್ತಿವೆ.

ಮಣ್ಣಿನ ಕಾರ್ಡ್ ನನ್ನ ಹತ್ತಿರ ಇದೆ. ಕೆಂಪು ಮರಳು ಮಣ್ಣು, ಎರಡು ಅಡಿ ಕೆಳಗೆ ಸುಣ್ಣದ ಕಲ್ಲು. ಪಿಎಚ್ 8.1. ಸತು (ಜಿಂಕ್) 0.38 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಪಾಲು), ಬೋರಾನ್ 0.31 ಪಿಪಿಎಂ. ರಂಜಕ (ಫಾಸ್ಫರಸ್) ಜಾಸ್ತಿ ಅಂತ ಬರೆದಿದ್ದಾರೆ. ಹನ್ನೆರಡು ವರ್ಷ ಇದೇ ಹೊಲದಲ್ಲಿ ಶೇಂಗಾ ಬೆಳೆದಿದ್ದೇವೆ, ಪ್ರತಿ ವರ್ಷ ರಂಜಕದ ಗೊಬ್ಬರ ಡಿಎಪಿ ಹಾಕಿದ್ದೇವೆ.

ಮೊನ್ನೆ ಅಂಗಡಿಯಲ್ಲಿ ಕಷ್ಟ ಹೇಳಿಕೊಂಡಾಗ 4 ಕೆ.ಜಿ. ಮೈಕೊರೈಜಾ (ಬೇರಿನ ಶಿಲೀಂಧ್ರ) ಚೀಲ ಮತ್ತು ಸತು, ಬೋರಾನ್‌ನಂಥ ಲಘು ಪೋಷಕಾಂಶದ ಒಂದು ಲೀಟರ್ ಬಾಟಲಿ ಕೊಟ್ಟರು. ಎರಡನ್ನೂ ನೀರಿಗೆ ಕಲಸಿ ಗಿಡದ ಬುಡಕ್ಕೆ ಸುರಿಯಿರಿ, ಹತ್ತು ದಿನದಲ್ಲಿ ಗಿಡ ಎದ್ದು ನಿಲ್ಲುತ್ತದೆ ಅಂದರು. ಚೀಲ ತಗಡಿನ ಶೆಡ್ಡಿನಲ್ಲಿ ಇತ್ತು, ಮುಟ್ಟಿದರೆ ಬಿಸಿ. ದುಡ್ಡು ಕೊಟ್ಟು ತಂದಾಗಿದೆ. ಆದರೆ ಸುರಿಯಲು ಮನಸ್ಸು ಬರುತ್ತಿಲ್ಲ. ಇದು ನಿಜವಾಗಿ ಕೆಲಸ ಮಾಡುತ್ತದಾ? ಮಾಡಿದರೆ ಈಗಲಾ, ಮುಂದಿನ ವರ್ಷವಾ? ದಯವಿಟ್ಟು ಬಳಸಿ ನೋಡಿದವರು ಹೇಳಿ.

ಬೇರುಗುರುತು_ತುಮಕೂರು
22 ಸೆಪ್ಟೆಂಬರ್ 2023

ಸುರಿಯಬೇಡಿ. ಚೀಲವನ್ನು ಇವತ್ತೇ ಮನೆಯೊಳಗೆ ತಂಪು ಜಾಗದಲ್ಲಿಡಿ. ರಾತ್ರಿ ಕೂತು ಪೂರ್ತಿ ಬರೆಯುತ್ತೇನೆ. ಅಲ್ಲಿಯವರೆಗೆ ಒಂದು ಕೆಲಸ ಮಾಡಿ. ನಿಮ್ಮ ಊರಿನ ಎಣ್ಣೆ ಮಿಲ್ಲುಗಳಲ್ಲಿ ಶೇಂಗಾ ಸಿಪ್ಪೆ ಸಿಗುತ್ತದಾ ವಿಚಾರಿಸಿ. ಎಷ್ಟು ಸಿಕ್ಕರೂ ಬೇಕು.

ಬೇರುಗುರುತು_ತುಮಕೂರು
22 ಸೆಪ್ಟೆಂಬರ್ 2023, ರಾತ್ರಿ

ನಾನು 18 ವರ್ಷದಿಂದ ಔಷಧಿ ಗಿಡಗಳ ನರ್ಸರಿ ನಡೆಸುತ್ತಿದ್ದೇನೆ. ಅಶ್ವಗಂಧ, ಮಾಕಂದಿ ಬೇರು, ಮಧುನಾಶಿನಿ, ಶತಾವರಿ. ಮೈಕೊರೈಜಾವನ್ನು ಮನಸಾರೆ ನಂಬುವವನು ನಾನು. ಅದಕ್ಕೇ ಹೇಳುತ್ತಿದ್ದೇನೆ, ಬಾಡಿದ ಗಿಡದ ತಲೆ ಮೇಲೆ ಸುರಿದರೆ ಅದು ಏನೂ ಮಾಡಲಾರದು.

ಅದು ಗೊಬ್ಬರ ಅಲ್ಲ, ಔಷಧಿಯೂ ಅಲ್ಲ. ಜೀವ ಇರುವ ಶಿಲೀಂಧ್ರ. ಬೇರಿನ ಒಳಗೆ ಹೊಕ್ಕು ಮನೆ ಮಾಡಿಕೊಳ್ಳುತ್ತದೆ, ಹೊರಗೆ ಮಣ್ಣಿಗೆ ಎಳೆ ಬಿಡುತ್ತದೆ. ಗಿಡ ತನ್ನ ಸಕ್ಕರೆಯಲ್ಲಿ ಪಾಲು ಕೊಡುತ್ತದೆ, ಶಿಲೀಂಧ್ರ ರಂಜಕ, ಸತು, ತಾಮ್ರ ತಂದುಕೊಡುತ್ತದೆ. ಈ ಕೊಡು-ಕೊಳ್ಳುವಿಕೆ ಶುರುವಾಗಲು ಬೀಜಕಣ ಎಳೆಯ ಬೇರಿಗೆ ತಾಗಬೇಕು, ಮಣ್ಣಿನಲ್ಲಿ ತೇವ ಇರಬೇಕು, ಮೂರು ನಾಲ್ಕು ವಾರ ಸಮಯ ಬೇಕು. ನಿಮ್ಮ ಹೊಲದಲ್ಲಿ ಈಗ ಮೇಲಿನ ಮಣ್ಣು ಬೂದಿಯ ಹಾಗಿದೆ. ಸುರಿದ ಪುಡಿ ಮೇಲೆಯೇ ಉಳಿದು ಬಿಸಿಲಿಗೆ ಸಾಯುತ್ತದೆ. ಬೇರು ಇರುವುದು ಅರ್ಧ ಅಡಿ ಕೆಳಗೆ.

ಇನ್ನೊಂದು ವಿಷಯ. ನಿಮ್ಮ ಮಣ್ಣಿನಲ್ಲಿ ರಂಜಕ ಜಾಸ್ತಿ ಇದೆ ಅಂದಿರಿ. ರಂಜಕ ಸುಲಭವಾಗಿ ಸಿಗುವಾಗ ಗಿಡ ಶಿಲೀಂಧ್ರವನ್ನು ಬೇರಿನೊಳಗೆ ಜಾಸ್ತಿ ಬಿಟ್ಟುಕೊಳ್ಳುವುದಿಲ್ಲ. ಸುಮ್ನೆ ಯಾಕೆ ಸಕ್ಕರೆ ಕೊಡಬೇಕು ಅಲ್ವಾ? ಜಾಸ್ತಿ ರಂಜಕ ಸತುವಿಗೂ ಅಡ್ಡ ಬರುತ್ತದೆ. ಹನ್ನೆರಡು ವರ್ಷದ ಡಿಎಪಿ ಎರಡು ಕಡೆಯಿಂದ ಪೆಟ್ಟು ಕೊಟ್ಟಿದೆ. ಮುಂದಿನ ವರ್ಷ ಡಿಎಪಿ ಮುಟ್ಟಲೇಬೇಡಿ.

ಈಗ ನಿಮ್ಮ ಬಿಳಿಚಿದ ಎಲೆಯ ವಿಷಯ. ಎಲೆ ಚಿಕ್ಕದಾಗುವುದು, ನರದ ನಡುವೆ ಬಿಳಿಚುವುದು ಸತು ಕೊರತೆಯ ಲಕ್ಷಣ. ಕಾರ್ಡೂ ಅದನ್ನೇ ಹೇಳುತ್ತಿದೆ. 0.6 ಪಿಪಿಎಂಗಿಂತ ಕಡಿಮೆ ಇದ್ದರೆ ಕೊರತೆ ಅಂತ ಲೆಕ್ಕ. ಬರ ಇದನ್ನು ಇನ್ನೂ ಜಾಸ್ತಿ ಮಾಡುತ್ತದೆ. ಸತು ಮಣ್ಣಿನಲ್ಲಿ ಓಡಾಡುವ ಸ್ವಭಾವದ್ದಲ್ಲ. ಮಣ್ಣಿನ ಕಣದ ಸುತ್ತ ಇರುವ ತೇವದ ಪೊರೆಯಲ್ಲಿ ನಿಧಾನವಾಗಿ ಸರಿದು ಬೇರಿನ ಹತ್ತಿರ ಬರಬೇಕು. ಮಣ್ಣು ಒಣಗಿದಾಗ ಆ ಪೊರೆ ಕಡಿದುಹೋಗುತ್ತದೆ. ಎರಡು ಮಿಲಿಮೀಟರ್ ಆಚೆ ಸತು ಇದ್ದರೂ ಬೇರಿಗೆ ಸಿಗುವುದಿಲ್ಲ. ಶಿಲೀಂಧ್ರದ ಎಳೆ ಮುಖ್ಯ ಆಗುವುದು ಇಲ್ಲೇ. ಬೇರಿನ ರೋಮಕ್ಕಿಂತಲೂ ಸಣ್ಣ ಎಳೆ ಅದು. ರೋಮ ತೂರದ ಸಂದಿಯಲ್ಲಿ ತೂರಿ, ಬೇರಿನಿಂದ ಹಲವು ಸೆಂಟಿಮೀಟರ್ ಆಚೆ ಹೋಗಿ ತರುತ್ತದೆ. ಅಂಗಡಿಯವರು ಶಿಲೀಂಧ್ರ ಒಂದು ಚೀಲ, ಸತು ಒಂದು ಬಾಟಲಿ ಅಂತ ಬೇರೆ ಬೇರೆ ಮಾರುತ್ತಾರೆ. ನೆಲದೊಳಗೆ ಅವೆರಡೂ ಒಂದೇ ಕೆಲಸದ ಎರಡು ತುದಿ.

ಸತು ಬರದಲ್ಲಿ ಯಾಕೆ ಬೇಕು ಅಂತ ಹೇಳಿಬಿಡುತ್ತೇನೆ. ನೀರಿಲ್ಲದ ಗಿಡ ಎಲೆಯ ರಂಧ್ರ ಮುಚ್ಚಿಕೊಳ್ಳುತ್ತದೆ. ಗಾಳಿ ಒಳಗೆ ಬರುವುದಿಲ್ಲ, ಆದರೆ ಬಿಸಿಲು ಬೀಳುತ್ತಲೇ ಇರುತ್ತದೆ. ಆ ಬೆಳಕಿನ ಶಕ್ತಿ ಬಳಕೆಯಾಗದೆ ಎಲೆಯೊಳಗೆ ಸುಡುವ ಆಮ್ಲಜನಕವಾಗಿ ಕುದಿಯುತ್ತದೆ. ಅದನ್ನು ಆರಿಸುವ ಕಿಣ್ವಗಳ ನಡುವೆ ಸತು, ತಾಮ್ರ, ಮ್ಯಾಂಗನೀಸ್ ಕೂತಿರುತ್ತವೆ. ಅವು ಕಡಿಮೆಯಾದರೆ ಎಲೆಯ ಒಳಗೇ ಉರಿ.

ಈಗ ಮಾಡಬೇಕಾದ್ದು. ಮೊದಲು ನೀರು. ಬೋರ್ ಅರ್ಧ ಗಂಟೆ ಓಡಿದರೂ ಸಾಕು, ಸಂಜೆ ಮಾತ್ರ ಬಿಡಿ, ಒಂದು ಸಾಲು ಬಿಟ್ಟು ಒಂದು ಸಾಲಿಗೆ. ಎಲ್ಲ ಗಿಡಕ್ಕೂ ಒಂದು ಲೋಟ ಕೊಡುವುದಕ್ಕಿಂತ ಕೆಲವು ಸಾಲಿನ ಬೇರು ಪೂರ್ತಿ ನೆನೆಯುವುದು ಒಳ್ಳೆಯದು. ಒತ್ತಾಗಿರುವ ಕಡೆ ಗಿಡ ಕಿತ್ತು ತೆಳು ಮಾಡಿ. ಮನಸ್ಸಿಗೆ ನೋವಾಗುತ್ತದೆ, ಗೊತ್ತು. ಉಳಿದದ್ದು ಬದುಕಲಿ. ಕಿತ್ತ ಗಿಡ, ಕಳೆ ಎಲ್ಲ ಸಾಲಿನ ನಡುವೆ ಹಾಸಿ. ಅದರ ಮೇಲೆ ಶೇಂಗಾ ಸಿಪ್ಪೆ, ಎರಡು ಬೆರಳು ದಪ್ಪ. ನೀರು ಬಿಟ್ಟ ಮಾರನೆಯ ದಿನವೇ ಮುಚ್ಚಬೇಕು. ಒಣ ನೆಲಕ್ಕೆ ಮುಚ್ಚಿದರೆ ಒಣ ನೆಲವೇ ಉಳಿಯುತ್ತದೆ.

ನೀರು ಬಿಟ್ಟು ಎರಡು ದಿನವಾದ ಮೇಲೆ, ಎಲೆ ಬಿಚ್ಚಿಕೊಂಡಿರುವ ಸಂಜೆ ಸತು ಸಿಂಪಡಿಸಿ. ಬಾಡಿದ ಎಲೆ ಏನನ್ನೂ ಕುಡಿಯುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟ್, 2.5 ಗ್ರಾಂ ಸುಟ್ಟು ಅರಳಿಸಿದ ಸುಣ್ಣ. 16 ಲೀಟರ್ ಪಂಪಿಗೆ 80 ಗ್ರಾಂ ಮತ್ತು 40 ಗ್ರಾಂ. ಸುಣ್ಣ ಬೇರೆ ಕಲಸಿ ಬಟ್ಟೆಯಲ್ಲಿ ಸೋಸಿ ಸೇರಿಸಿ. ಸುಣ್ಣ ಸೇರಿಸದಿದ್ದರೆ ಎಲೆ ಸುಡುತ್ತದೆ. 15 ದಿನ ಬಿಟ್ಟು ಇನ್ನೊಂದು ಸಲ. ಬೋರಾನ್ ಬೇಕಾದರೆ ಬೇರೆ ದಿನ, ಲೀಟರಿಗೆ 1 ಗ್ರಾಂ ಬೋರಿಕ್ ಆಮ್ಲ, ಒಂದೇ ಸಲ. ಬೋರಾನ್ ವಿಷಯದಲ್ಲಿ ಹುಷಾರು. ಕೊರತೆಗೂ ವಿಷಕ್ಕೂ ನಡುವಿನ ಅಂತರ ಬಹಳ ಚಿಕ್ಕದು.

ಒಂದು ಬೇಡಿಕೆ. ಐದು ಸಾಲು ಏನೂ ಮಾಡದೆ ಬಿಡಿ. ಐದಕ್ಕೆ ಸಿಂಪಡಣೆ ಮಾತ್ರ, ಐದಕ್ಕೆ ಸಿಪ್ಪೆ ಮಾತ್ರ, ಐದಕ್ಕೆ ಎರಡೂ. ನೀರು ಮಾತ್ರ ಈ ಇಪ್ಪತ್ತು ಸಾಲಿಗೂ ಸಮ ಇರಲಿ. ಗೂಟ ಹೊಡೆದು ಗುರುತು ಇಡಿ. ಇಲ್ಲದಿದ್ದರೆ ಕೊನೆಗೆ ಯಾವುದರಿಂದ ಒಳ್ಳೆಯದಾಯಿತು ಅಂತ ನಿಮಗೂ ತಿಳಿಯುವುದಿಲ್ಲ, ನನಗೂ ತಿಳಿಯುವುದಿಲ್ಲ.

ಎರೆಹೊಲ_ಕೊಪ್ಪಳ
23 ಸೆಪ್ಟೆಂಬರ್ 2023

ನಾನು ಮೂರು ವರ್ಷ ಮೈಕೊರೈಜಾ ಹಾಕಿದೆ. ಹಾಕಿದ ಕಡೆ, ಹಾಕದ ಕಡೆ ಒಂದೇ ತರ ಬಂತು. ದುಡ್ಡು ದಂಡ. ಅಕ್ಕಾ, ಸಿಪ್ಪೆ ಹಾಸಿ, ನೀರು ಕೊಡಿ. ಉಳಿದದ್ದು ಬಿಡಿ.

ಬೇರುಗುರುತು_ತುಮಕೂರು
23 ಸೆಪ್ಟೆಂಬರ್ 2023

ನಿಮ್ಮ ಮಾತನ್ನು ತಳ್ಳಿಹಾಕುವುದಿಲ್ಲ. ಎರಡು ಪ್ರಶ್ನೆ. ಬಿತ್ತುವಾಗ ಡಿಎಪಿ ಎಷ್ಟು ಹಾಕಿದಿರಿ? ಬೀಜೋಪಚಾರಕ್ಕೆ ಏನು ಬಳಸಿದಿರಿ?

ಎರೆಹೊಲ_ಕೊಪ್ಪಳ
23 ಸೆಪ್ಟೆಂಬರ್ 2023

ಎಕರೆಗೆ ಎರಡು ಚೀಲ ಡಿಎಪಿ. ಬೀಜಕ್ಕೆ ಕಾರ್ಬೆಂಡಜಿಮ್. ಎಲ್ಲರೂ ಹಾಗೇ ಮಾಡುತ್ತಾರೆ.

ಬೇರುಗುರುತು_ತುಮಕೂರು
23 ಸೆಪ್ಟೆಂಬರ್ 2023

ಹಾಗಾದರೆ ನಿಮ್ಮ ಶಿಲೀಂಧ್ರಕ್ಕೆ ಬದುಕಲು ಅವಕಾಶವೇ ಸಿಗಲಿಲ್ಲ. ಕಾರ್ಬೆಂಡಜಿಮ್ ಇರುವುದೇ ಶಿಲೀಂಧ್ರ ಕೊಲ್ಲಲು, ಒಳ್ಳೆಯದು ಕೆಟ್ಟದ್ದು ಅಂತ ನೋಡುವುದಿಲ್ಲ. ಅದರ ಜಾತಿಯದೇ ಆದ ಬೆನೊಮಿಲ್ ಅನ್ನು ವಿಜ್ಞಾನಿಗಳು ಪ್ರಯೋಗದಲ್ಲಿ ಮೈಕೊರೈಜಾ ಇಲ್ಲದ ಹಾಗೆ ಮಾಡಲು ಬೇಕೆಂದೇ ಬಳಸುತ್ತಾರೆ. ಅದರ ಜೊತೆಗೆ ಎರಡು ಚೀಲ ರಂಜಕ. ಇನ್ನೊಂದು ಮಾತೂ ಇದೆ. ಶೇಂಗಾ, ಜೋಳ ಬೆಳೆಯುವ ಹೊಲದಲ್ಲಿ ಈ ಶಿಲೀಂಧ್ರ ಮೊದಲೇ ಇರುತ್ತದೆ. ಇರುವ ಕಡೆ ಮತ್ತೆ ಹಾಕಿದರೆ ವ್ಯತ್ಯಾಸ ಕಡಿಮೆ. ಹಾಗಾಗಿ ನಿಮ್ಮ ಅನುಭವ ಸುಳ್ಳಲ್ಲ.

ನನಗೆ ನಂಬಿಕೆ ಬಂದದ್ದು ಹೇಗೆ ಅಂತ ಹೇಳುತ್ತೇನೆ. 2016ರ ಬರದಲ್ಲಿ ನರ್ಸರಿಯಲ್ಲಿ ಅಶ್ವಗಂಧದ ಸಸಿ ಇತ್ತು. ಹೆಚ್ಚಿನ ಟ್ರೇಗಳಿಗೆ ಮೈಕೊರೈಜಾ ಮಣ್ಣು ಬೆರೆಸಿದ್ದೆ. ಕೊನೆಯ ಎಂಟು ಟ್ರೇಗೆ ಮಣ್ಣು ಸಾಲದೆ ಹಾಗೇ ತುಂಬಿದ್ದೆ. ಟ್ರಾನ್ಸ್‌ಫಾರ್ಮರ್ ಸುಟ್ಟು ಮೂರು ದಿನ ಕರೆಂಟ್ ಇರಲಿಲ್ಲ, ತೊಟ್ಟಿ ಖಾಲಿ. ಮೂರನೆಯ ದಿನ ಎಲ್ಲ ಸಸಿಯೂ ತಲೆ ಬಾಗಿಸಿದ್ದವು. ಎಂಟು ಟ್ರೇಯೂ, ಉಳಿದವೂ. ನೋಡಲು ಒಂದೇ ತರ ಇದ್ದವು. ನಾಲ್ಕನೆಯ ದಿನ ಟ್ಯಾಂಕರ್ ತರಿಸಿ ಒಂದೇ ಸಮ ನೀರು ಹಾಕಿದೆವು. ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ಶಿಲೀಂಧ್ರ ಇದ್ದ ಟ್ರೇಗಳು ಎದ್ದು ನಿಂತಿದ್ದವು. ಆ ಎಂಟು ಟ್ರೇ ಏಳಲು ಇನ್ನೂ ಮೂರು ದಿನ ಬೇಕಾಯಿತು, ಅವುಗಳಲ್ಲಿ ಅರ್ಧ ಸತ್ತವು. ಶಿಲೀಂಧ್ರ ನೀರು ಹುಟ್ಟಿಸುವುದಿಲ್ಲ. ಬಾಡುವುದನ್ನು ತಡೆಯಲೂ ಇಲ್ಲ. ನೀರು ಬಂದಾಗ ಬೇಗ ಹಿಡಿದುಕೊಳ್ಳಲು ಆ ಸಸಿಗಳಿಗೆ ದಾರಿ ಇತ್ತು.

ಜಾಲಿಮರ_ಬಳ್ಳಾರಿ
24 ಸೆಪ್ಟೆಂಬರ್ 2023

ಒಂದು ಸಂದೇಹ. ಬಳ್ಳಾರಿ ಜಾಲಿ ಬೇರಿನಲ್ಲಿ ಬರ ತಡೆಯುವ ಶಿಲೀಂಧ್ರ ಇದೆ ಅಂತ ಕೇಳಿದ್ದೆ. ನಮ್ಮ ಕಡೆ ಜಾಲಿಗೆ ಬರ ಇಲ್ಲ! ಅದರ ಬುಡದ ಮಣ್ಣು ಅಗೆದು ತಂದು ಹಾಕಿದರೆ ಆಗುತ್ತದಾ?

ಸೂಕ್ಷ್ಮಜೀವಿ_ಧಾರವಾಡ
24 ಸೆಪ್ಟೆಂಬರ್ 2023

ನೀವು ಕೇಳಿದ್ದು ನಿಜವಾದ ಸಂಗತಿ. ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ಬಳ್ಳಾರಿ ಜಾಲಿ ಮತ್ತು ಒಂದು ಜಾತಿಯ ಕಾಡು ಬೋರೆಯ ಬೇರಿನ ಮಣ್ಣಿನಿಂದ ಅಜಿತ್ ವರ್ಮ ಮತ್ತು ಅವರ ಜೊತೆಗಾರರು ಒಂದು ಶಿಲೀಂಧ್ರ ಹುಡುಕಿದರು. 1998ರಲ್ಲಿ ಅದಕ್ಕೆ ಪಿರಿಫಾರ್ಮೋಸ್ಪೋರಾ ಇಂಡಿಕಾ ಅಂತ ಹೆಸರಿಟ್ಟರು. ಬೀಜಕಣ ಪಿಯರ್ (ಮರಸೇಬು) ಹಣ್ಣಿನ ಆಕಾರದಲ್ಲಿ ಇರುತ್ತದೆ, ಹೆಸರು ಅದರಿಂದಲೇ. ಈಗ ಸೆರೆಂಡಿಪಿಟಾ ಇಂಡಿಕಾ ಅನ್ನುತ್ತಾರೆ. ಅಶ್ವಗಂಧದ ಮೇಲೆ ಹೊಲದಲ್ಲೇ ಪ್ರಯೋಗ ಮಾಡಿ ಬೆಳವಣಿಗೆ ಹೆಚ್ಚಾದದ್ದನ್ನು ಅವರ ತಂಡ 2001ರಲ್ಲಿ ಪ್ರಕಟಿಸಿತು.

ಇದಕ್ಕೂ ಮೈಕೊರೈಜಾಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಮೈಕೊರೈಜಾ ಜೀವಂತ ಬೇರಿಲ್ಲದೆ ಬೆಳೆಯುವುದೇ ಇಲ್ಲ. ಆ ಕಾರಣಕ್ಕೆ ಅದನ್ನು ಗಿಡದ ಬೇರಿನಲ್ಲೇ ಬೆಳೆಸಬೇಕು. ಪಿರಿಫಾರ್ಮೋಸ್ಪೋರಾವನ್ನು ಲ್ಯಾಬಿನ ತಟ್ಟೆಯಲ್ಲಿ ಬೆಳೆಸಬಹುದು. ಸಾಸಿವೆ, ಎಲೆಕೋಸಿನ ಜಾತಿಗೆ ಮೈಕೊರೈಜಾ ಹತ್ತುವುದಿಲ್ಲ, ಇದು ಅದಕ್ಕೂ ಹತ್ತುತ್ತದೆ.

ಆದರೆ ಜಾಲಿ ಬುಡದ ಮಣ್ಣನ್ನು ನೇರವಾಗಿ ಹೊಲಕ್ಕೆ ತರಬೇಡಿ. ಅದರಲ್ಲಿ ಏನೇನಿದೆ ನಮಗೆ ತಿಳಿಯುವುದಿಲ್ಲ. ಬೇರುಗಂಟಿನ ಜಂತುಹುಳು ಬಂದರೆ ಅಶ್ವಗಂಧಕ್ಕೆ ದೊಡ್ಡ ಕುತ್ತು. ಬೇರೇ ಬೆಳೆಯಾಗಿರುವ ಗಿಡದಲ್ಲಿ ಬೇರು ಗಂಟಾದರೆ ಕೊಳ್ಳುವವರು ಯಾರು?

ಇನ್ನೊಂದು ಮಾತು, ಅಂಗಡಿಗಳಲ್ಲಿ ಟ್ರೈಕೋಡರ್ಮಾ ಮತ್ತು ಮೈಕೊರೈಜಾ ಎರಡನ್ನೂ ಒಂದೇ ಅನ್ನುವ ಹಾಗೆ ಕೊಡುತ್ತಾರೆ. ಟ್ರೈಕೋಡರ್ಮಾ ಕೊಳೆರೋಗದ ಶಿಲೀಂಧ್ರವನ್ನು ಮಟ್ಟ ಹಾಕುತ್ತದೆ, ಕೊಟ್ಟಿಗೆ ಗೊಬ್ಬರದಲ್ಲಿ ಚೆನ್ನಾಗಿ ಬೆಳೆಯುತ್ತದೆ. ಅದೂ ಬೇಕು. ಕೆಲಸ ಬೇರೆ. ಗೊಬ್ಬರದ ಮೇಲೆ ಹಸಿರು ಬೂಷ್ಟು ಕಂಡರೆ ಅದು ಟ್ರೈಕೋಡರ್ಮಾ ಇರಬಹುದು, ಮೈಕೊರೈಜಾ ಅಂತೂ ಅಲ್ಲ. ಮೈಕೊರೈಜಾ ಬರಿಗಣ್ಣಿಗೆ ಕಾಣುವುದಿಲ್ಲ. ಬೇರನ್ನು ಕ್ಷಾರದಲ್ಲಿ ಕಾಯಿಸಿ, ನೀಲಿ ಬಣ್ಣ ಹಿಡಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಈ ವಿಷಯದಲ್ಲಿ ನಮ್ಮ ನಾಡಿಗೆ ಒಳ್ಳೆಯ ಹೆಸರಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಡಿ. ಜೆ. ಭಾಗ್ಯರಾಜ್ ಅವರು ದಶಕಗಳ ಕಾಲ ಈ ಶಿಲೀಂಧ್ರಗಳ ಮೇಲೆ ಕೆಲಸ ಮಾಡಿದರು. ಒಂದು ಜಾತಿಗೆ ಗ್ಲೋಮಸ್ ಭಾಗ್ಯರಾಜಿ ಅಂತ ಅವರ ಹೆಸರನ್ನೇ ಇಟ್ಟಿದ್ದಾರೆ. ಓದುವಾಗ ಆ ಹೆಸರು ಕಂಡರೆ ಇವತ್ತಿಗೂ ನನಗೆ ಹೆಮ್ಮೆ ಅನಿಸುತ್ತದೆ.

ಬೇರುವಹಿ_ಬೆಂಗಳೂರು
25 ಸೆಪ್ಟೆಂಬರ್ 2023

ನಾನು ಬೇರು ಕೊಳ್ಳುವ ಕಡೆ ಕೆಲಸ ಮಾಡಿದವನು. ಬೆಳೆಯುವವರಿಗೆ ಎರಡು ವಿಷಯ.

ಒಣ ವರ್ಷದ ಅಶ್ವಗಂಧದಲ್ಲಿ ಸತ್ವ ಜಾಸ್ತಿ ಅಂತ ಒಂದು ಮಾತಿದೆ. ಸ್ವಲ್ಪ ನಿಜ. ಗಿಡಕ್ಕೆ ಕಷ್ಟವಾದಾಗ ವಿಥನೊಲೈಡ್‌ನಂಥ ಔಷಧಿ ವಸ್ತುಗಳ ಪ್ರಮಾಣ ಏರಬಹುದು. ಆದರೆ ಬೇರಿನ ತೂಕ ಬಿದ್ದರೆ ಎಕರೆಯ ಲೆಕ್ಕದಲ್ಲಿ ಏನು ಉಳಿಯಿತು? ಜಾಸ್ತಿ ಬರ ತಿಂದ ಬೇರು ನಾರಾಗುತ್ತದೆ, ಮರದ ಹಾಗೆ. ಕೊಳ್ಳುವವರು ಬೇರನ್ನು ಕೈಯಲ್ಲಿ ಮುರಿದು ನೋಡುತ್ತಾರೆ. ಟಪ್ ಅಂತ ಮುರಿದು ಒಳಗೆ ಬೆಳ್ಳಗೆ ಹಿಟ್ಟಾಗಿರಬೇಕು. ಮಧ್ಯಪ್ರದೇಶದ ನೀಮಚ್ ಮಂಡಿಯಲ್ಲಿ ದರ ನಿಂತಿರುವುದೇ ಈ ಮುರಿತದ ಮೇಲೆ. ಹಾಗಾಗಿ ಗಿಡ ಒಣಗಲಿ, ಸತ್ವ ಬರಲಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಎರಡನೆಯದು ಲಘು ಪೋಷಕಾಂಶ. ಕಡಿಮೆ ಬೆಲೆಗೆ ಬಿಡಿಯಾಗಿ ಸಿಗುವ ಸತುವಿನ ಸಲ್ಫೇಟ್ ತರಬೇಡಿ. ಅದರಲ್ಲಿ ಸೀಸ, ಕ್ಯಾಡ್ಮಿಯಂ ಕಲ್ಮಶ ಇರಬಹುದು. ಔಷಧಿ ಬೇರಿನಲ್ಲಿ ಸೀಸ 10 ಪಿಪಿಎಂ, ಕ್ಯಾಡ್ಮಿಯಂ 0.3 ಪಿಪಿಎಂ ದಾಟುವ ಹಾಗಿಲ್ಲ. ನಾವು ಪರೀಕ್ಷೆ ಮಾಡಿಸದೆ ಸರಕು ತೆಗೆದುಕೊಳ್ಳುತ್ತಿರಲಿಲ್ಲ. ಚೀಲದ ಮೇಲೆ ಸತು 21% ಅಂತ ಬರೆದಿರುವ, ಬಿಲ್ ಕೊಡುವ ಮಾಲನ್ನೇ ತನ್ನಿ. ಇದು ಕೊನೆಗೆ ಯಾರದೋ ಕಾಯಿಲೆಗೆ ಹೋಗುವ ಬೇರು. ಅದನ್ನು ನೆನಪಿನಲ್ಲಿಟ್ಟುಕೊಂಡು ಬೆಳೆಯೋಣ.

ಹಿರೇಮದ್ದು_ಚಳ್ಳಕೆರೆ
4 ಅಕ್ಟೋಬರ್ 2023

ಎಲ್ಲರಿಗೂ ಧನ್ಯವಾದ. ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಗಿಡ ತೆಳು ಮಾಡುವಾಗ ಅವರು ಹೊಲಕ್ಕೆ ಬರಲಿಲ್ಲ, ನೋಡಲು ಆಗಲ್ಲ ಅಂದರು.

ಶೇಂಗಾ ಸಿಪ್ಪೆ ಮೂರು ಟ್ರ್ಯಾಕ್ಟರ್ ಸಿಕ್ಕಿತು. ಇಟ್ಟಿಗೆ ಗೂಡಿನವರೂ ಅದನ್ನೇ ಒಯ್ಯುತ್ತಾರೆ, ಮುಂದೆ ಸಿಗುವುದು ಕಷ್ಟ. 30 ಗುಂಟೆಗೆ ಆಯಿತು. ಉಳಿದ 30 ಗುಂಟೆ ಬರೀ ಕಳೆ ಹಾಸಿದೆ. ಬೀಸುವ ಗಾಳಿಗೆ ಸಿಪ್ಪೆ ಹಾರುತ್ತಿತ್ತು, ಮೇಲೆ ನೀರು ಚಿಮುಕಿಸಿ ಕೂರಿಸಿದೆವು. ಸತು ಸುಣ್ಣ ಮೊದಲ ಸಿಂಪಡಣೆ 29ಕ್ಕೆ ಆಯಿತು. ಐದೈದು ಸಾಲಿನ ಗೂಟವೂ ಹೊಡೆದಿದ್ದೇನೆ. ಸಿಪ್ಪೆ ಸರಿಸಿ ಬೆರಳು ಚುಚ್ಚಿದರೆ ಆರನೆಯ ದಿನವೂ ತಣ್ಣಗಿದೆ. ಪಕ್ಕದ ಖಾಲಿ ಸಾಲಿನಲ್ಲಿ ಮೂರನೆಯ ದಿನಕ್ಕೇ ಬಿಸಿ.

ಚೀಲ ದೇವರ ಕೋಣೆಯ ಪಕ್ಕ ಇಟ್ಟಿದ್ದೇನೆ. ಅದು ಬದುಕಿದೆಯಾ ಸತ್ತಿದೆಯಾ ತಿಳಿಯುವುದು ಹೇಗೆ?

ಬೇರುಗುರುತು_ತುಮಕೂರು
4 ಅಕ್ಟೋಬರ್ 2023

ಮೆಕ್ಕೆಜೋಳ ಹಾಕಿ ನೋಡಿ. ಎರಡು ಕುಂಡ ತೆಗೆದುಕೊಳ್ಳಿ. ಮಣ್ಣು, ಮರಳು ಸಮ ಬೆರೆಸಿ ಹಂಡೆಯಲ್ಲಿ ಚೆನ್ನಾಗಿ ಹಬೆಯಾಡಿಸಿ ಆರಿಸಿ, ಆಗ ಹಳೆಯ ಶಿಲೀಂಧ್ರ ಇರುವುದಿಲ್ಲ. ಒಂದು ಕುಂಡದಲ್ಲಿ ಬೀಜದ ಕೆಳಗೆ ಚೀಲದ ಪುಡಿ ಎರಡು ಚಮಚ, ಇನ್ನೊಂದಕ್ಕೆ ಏನೂ ಬೇಡ. ಆರು ವಾರವಾದ ಮೇಲೆ ಸಣ್ಣ ಬೇರನ್ನು ತೊಳೆದು ಯಾವುದಾದರೂ ಕೃಷಿ ಕಾಲೇಜಿನಲ್ಲಿ ನೀಲಿ ಬಣ್ಣ ಹಿಡಿಸಿ ನೋಡಲು ಕೇಳಿ.

ಬದುಕಿದ್ದರೆ ಅದೇ ನಿಮ್ಮ ಹೆಪ್ಪು. ಮನೆ ಹಿಂದೆ ಆರು ಅಡಿ ಉದ್ದ, ಮೂರು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೆಗೆದು ಪ್ಲಾಸ್ಟಿಕ್ ಹಾಸಿ. ಬಿಸಿಲು ಕಾಯಿಸಿದ ಮಣ್ಣು, ಮರಳು ತುಂಬಿ, ಹೆಪ್ಪು ಹರಡಿ, ಮೆಕ್ಕೆಜೋಳ ಒತ್ತಾಗಿ ಬಿತ್ತಿ. ರಂಜಕದ ಗೊಬ್ಬರ ಬೇಡ. 60 ದಿನಕ್ಕೆ ನೀರು ನಿಲ್ಲಿಸಿ. ಗಿಡ ಒಣಗುವಾಗ ಶಿಲೀಂಧ್ರ ತನ್ನ ಮುಂದಿನ ಕಾಲಕ್ಕೆ ಬೀಜಕಣ ಕಟ್ಟುತ್ತದೆ. ಹತ್ತು ದಿನ ಬಿಟ್ಟು ಬುಡಕ್ಕೆ ಕತ್ತರಿಸಿ, ಬೇರನ್ನು ಸಣ್ಣಗೆ ತುಂಡು ಮಾಡಿ ಅದೇ ಮಣ್ಣಿಗೆ ಬೆರೆಸಿ. ಬೇರಿನಲ್ಲಿ ಗಂಟು ಕಂಡರೆ ಮಾತ್ರ ಇಡೀ ಗುಂಡಿಯನ್ನು ಬಿಟ್ಟುಬಿಡಿ.

ಹಿರೇಮದ್ದು_ಚಳ್ಳಕೆರೆ
11 ಫೆಬ್ರವರಿ 2024

ಬಹಳ ದಿನವಾಯಿತು. ಬೇರು ಕಿತ್ತಾಯಿತು, ಒಣಗಿಸಿಯಾಯಿತು. ಎಲ್ಲ ಹೇಳುತ್ತೇನೆ.

ಮಳೆ ಕೊನೆಗೂ ಸರಿಯಾಗಿ ಬರಲಿಲ್ಲ. ನವೆಂಬರ್ ಮೊದಲ ವಾರ ಎರಡು ದಿನ ಹದವಾಗಿ ಸುರಿದದ್ದೇ ನಮ್ಮ ಪಾಲಿಗೆ ಬಂದದ್ದು. ರಾಜ್ಯದ 236 ತಾಲ್ಲೂಕಿನಲ್ಲಿ 223 ಬರದ ಪಟ್ಟಿಗೆ ಹೋದವು. ನಮ್ಮ ಊರಲ್ಲಿ ಶೇಂಗಾ ಹಾಕಿದ ಬಹಳ ಜನ ಬಳ್ಳಿ ಕಿತ್ತು ದನಕ್ಕೆ ಹಾಕಿದರು. ಅವರ ಮುಂದೆ ನನ್ನ ಬೆಳೆ ಬಂತು ಅಂತ ಹೇಳಲು ಸಂಕೋಚ ಆಗುತ್ತದೆ. ಆದರೂ ಬಂತು. ಒಟ್ಟು ಎರಡು ಕ್ವಿಂಟಾಲ್ ತುಂಬಲಿಲ್ಲ. ಕಾಯಿ ಕೆಂಪಾಗಿ ಎಲೆ ಒಣಗಿದ ಮೇಲೆ ಜನವರಿ ಕೊನೆಗೆ ಅಗೆದೆವು. ಅಗೆಯುವ ಹಿಂದಿನ ದಿನ ಸ್ವಲ್ಪ ನೀರು ಬಿಟ್ಟದ್ದರಿಂದ ಬೇರು ತುಂಡಾಗದೆ ಬಂತು.

ಗೂಟ ಹೊಡೆದ ಸಾಲುಗಳ ಬೇರನ್ನು ಬೇರೆ ಬೇರೆ ಗೋಣಿಯಲ್ಲಿ ಒಣಗಿಸಿ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಏನೂ ಮಾಡದ ಐದು ಸಾಲು 2 ಕೆ.ಜಿ. 200 ಗ್ರಾಂ. ಸತು ಮಾತ್ರ ಸಿಂಪಡಿಸಿದ್ದು 2 ಕೆ.ಜಿ. 400. ಸಿಪ್ಪೆ ಮಾತ್ರ ಹಾಸಿದ್ದು 3 ಕೆ.ಜಿ. ಎರಡೂ ಮಾಡಿದ್ದು 3 ಕೆ.ಜಿ. 600. ಮೂರು ಸಲ ತೂಗಿಸಿದೆ, ಅಂಗಡಿಯವರು ಏನಮ್ಮಾ ಇದು ಬಂಗಾರವಾ ಅಂತ ಕೇಳಿದರು.

ಒಣ ನೆಲದಲ್ಲಿ ಸತು ಸಿಂಪಡಿಸಿದ್ದರಿಂದ ಎಲೆ ಹಸಿರಾಯಿತು, ಬೇರು ಜಾಸ್ತಿ ಆಗಲಿಲ್ಲ. ತೇವ ಇದ್ದ ಕಡೆ ಅದೇ ಸತು ಕೆಲಸ ಮಾಡಿದೆ. ನನಗೆ ಅರ್ಥ ಆದದ್ದು ಇಷ್ಟು, ತಪ್ಪಿದ್ದರೆ ತಿದ್ದಿ. ಬೇರು ಮುರಿದು ನೋಡಿದೆ. ಸಿಪ್ಪೆ ಇದ್ದ ಕಡೆಯದು ಟಪ್ ಅಂತ ಮುರಿಯಿತು, ಒಳಗೆ ಬಿಳಿ. ಖಾಲಿ ಸಾಲಿನದು ಬಾಗುತ್ತದೆ, ನಾರು ಜಾಸ್ತಿ. ಕೈ ಮೂಸಿದರೆ ಮಾತ್ರ ಎರಡರಲ್ಲೂ ಕುದುರೆಯ ವಾಸನೆ ಒಂದೇ.

ಈಗ ಚೀಲದ ಕತೆ. ಎರಡು ಕುಂಡ ಮಾಡಿದೆ. ನಮ್ಮ ಊರಿನ ಒಬ್ಬ ಹುಡುಗಿ ಕೃಷಿ ಕಾಲೇಜಿನಲ್ಲಿ ಓದುತ್ತಾಳೆ, ರಜೆಗೆ ಬಂದಾಗ ಬೇರು ಕೊಟ್ಟು ಕಳಿಸಿದೆ. ಅವಳು ಫೋನಿನಲ್ಲಿ ಚಿತ್ರ ಕಳಿಸಿದಳು. ಪುಡಿ ಹಾಕಿದ ಕುಂಡದ ಬೇರಿನೊಳಗೆ ಅಲ್ಲೊಂದು ಇಲ್ಲೊಂದು ನೀಲಿ ಗುಳ್ಳೆ, ಅದನ್ನು ಜೋಡಿಸುವ ನೀಲಿ ದಾರ. ಜಾಸ್ತಿ ಇಲ್ಲ. ಆ ಬಿಸಿಲಿನಲ್ಲಿ ಅರ್ಧ ಸತ್ತಿರಬೇಕು ಅಂದಳು. ಆದರೆ ಇದೆ! ಇನ್ನೊಂದು ಕುಂಡದ ಬೇರು ಖಾಲಿ. ಅತ್ತೆಗೆ ಚಿತ್ರ ತೋರಿಸಿದೆ. ಬೇರಿನ ಒಳಗೂ ಬೇರು ಇದೆಯಲ್ಲ ಅಂದರು.

ಗುಂಡಿ ತೆಗೆದಿದ್ದೇನೆ, ಇನ್ನೂ ಬಿತ್ತಿಲ್ಲ. ಎರಡು ಪ್ರಶ್ನೆ. ಈಗಲೇ ಬಿತ್ತಲಾ, ತಡೆಯಲಾ? ಮೆಕ್ಕೆಜೋಳವೇ ಬೇಕಾ, ರಾಗಿ ಆಗುತ್ತದಾ? ಮನೆಯಲ್ಲಿ ರಾಗಿ ಬೀಜ ಇದೆ. ಮತ್ತೆ ಬಿತ್ತುವ ದಿನ ಈ ಮಣ್ಣನ್ನು ಎಷ್ಟು ಹಾಕಬೇಕು?

ಬೇರುಗುರುತು_ತುಮಕೂರು
11 ಫೆಬ್ರವರಿ 2024

ನಿಮ್ಮ ನಾಲ್ಕು ಗೋಣಿಯ ಲೆಕ್ಕವನ್ನು ಬರೆದಿಟ್ಟುಕೊಂಡೆ. ಸತು ಮತ್ತು ತೇವದ ಬಗ್ಗೆ ನೀವು ಹೇಳಿದ್ದು ಸರಿ ಅಂತಲೇ ನನಗೂ ಅನಿಸುತ್ತದೆ. ಆದರೆ ಐದು ಸಾಲು, ಒಂದು ವರ್ಷ. ಇನ್ನೊಂದು ವರ್ಷ ನೋಡೋಣ.

ಫೆಬ್ರವರಿ, ಮಾರ್ಚ್ ಗುಂಡಿಯ ಮಣ್ಣನ್ನು ಒದ್ದೆ ಮಾಡಿ ಪ್ಲಾಸ್ಟಿಕ್ ಮುಚ್ಚಿ ಬಿಸಿಲಿಗೆ ಬೇಯಲು ಬಿಡಿ. ಏಪ್ರಿಲ್ ಮೊದಲ ವಾರ ಬಿತ್ತಿ. ರಾಗಿ ಧಾರಾಳವಾಗಿ ಆಗುತ್ತದೆ, ಅದರ ಬೇರು ಸಣ್ಣ, ಒತ್ತು. ನಾನಾದರೆ ಅರ್ಧ ಮೆಕ್ಕೆಜೋಳ ಅರ್ಧ ರಾಗಿ ಹಾಕುತ್ತೇನೆ. ಜೂನ್ ಮೊದಲ ವಾರ ನೀರು ನಿಲ್ಲಿಸಿದರೆ ಪುಷ್ಯ ಮಳೆ ಹೊತ್ತಿಗೆ ಮಣ್ಣು ತಯಾರು. ನೆರಳಿನಲ್ಲಿ ಗೋಣಿಯಲ್ಲಿಡಿ, ತಗಡಿನ ಕೆಳಗೆ ಬೇಡ.

ಬಿತ್ತುವಾಗ ಸಾಲು ಎಳೆದು ಮೊದಲು ಈ ಮಣ್ಣು, ಅದರ ಮೇಲೆ ಬೀಜ. ಮಾರಿಗೊಂದು ಹಿಡಿ. ಆ ಗುಂಡಿಯಲ್ಲಿ ಸುಮಾರು 600 ಕೆ.ಜಿ. ಆಗುತ್ತದೆ, ಒಂದೂವರೆ ಎಕರೆಗೆ ಸರಿಹೋಗುತ್ತದೆ. ಬೀಜಕ್ಕೆ ಟ್ರೈಕೋಡರ್ಮಾ ಸಾಕು, ಕಾರ್ಬೆಂಡಜಿಮ್ ಬೇಡ. ಸತುವಿನ ಸಲ್ಫೇಟ್ ಎಕರೆಗೆ 10 ಕೆ.ಜಿ. ಕೊಟ್ಟಿಗೆ ಗೊಬ್ಬರದ ಜೊತೆ ಕಲಸಿ ಉಳುವಾಗಲೇ ಹಾಕಿ. ಡಿಎಪಿ ಇಲ್ಲ. ಶೇಂಗಾ ಸಿಪ್ಪೆಗೆ ಈಗಲೇ ಮಿಲ್ಲಿನವರಿಗೆ ಹೇಳಿಡಿ, ಇಟ್ಟಿಗೆ ಗೂಡಿನವರು ಬರುವ ಮೊದಲು.

ಎರೆಹೊಲ_ಕೊಪ್ಪಳ
12 ಫೆಬ್ರವರಿ 2024

ಅಕ್ಕಾ, ನಿಮ್ಮ ಲೆಕ್ಕ ಓದಿದೆ. ನಾನೂ ಈ ಸಲ ಹತ್ತು ಗುಂಟೆಗೆ ಡಿಎಪಿ ಬಿಟ್ಟು, ಬೀಜಕ್ಕೆ ಔಷಧಿ ಹಾಕದೆ ನೋಡುತ್ತೇನೆ. ನಿಮ್ಮ ಗುಂಡಿಯ ಮಣ್ಣು ಒಂದು ಗೋಣಿ ಉಳಿದರೆ ಹೇಳಿ, ನಾನೇ ಬಂದು ಒಯ್ಯುತ್ತೇನೆ.

ಹಿರೇಮದ್ದು_ಚಳ್ಳಕೆರೆ
12 ಫೆಬ್ರವರಿ 2024

ಖಂಡಿತ ಇಟ್ಟಿರುತ್ತೇನೆ ಅಣ್ಣ. ಬರುವಾಗ ನಿಮ್ಮ ಹೊಲದ ಮಣ್ಣಿನ ಕಾರ್ಡ್ ತನ್ನಿ, ಸತು ಎಷ್ಟಿದೆ ನೋಡೋಣ.